ಫ್ರೆಂಚ್ ಹಾರ್ನಿನಲ್ಲಿ ನುಣುಪಾದ ಸ್ಲರ್ ಮತ್ತು ಮೇಲಿನ ಸ್ವರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾರ್ನಿನ ನಡುಸ್ಥಾಯಿಯಲ್ಲಿ ತಕ್ಕಮಟ್ಟಿಗೆ ಹಿಡಿತ ಬಂದು, ಅಲ್ಲಿಂದ ಮೇಲಕ್ಕೆ ಹೋಗುವಾಗ ತಡವರಿಸುತ್ತಿರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಸ್ಲರ್ ಎಂದರೆ ನಾಲಿಗೆಯ ಹೊಡೆತವಿಲ್ಲದೆ, ಒಂದೇ ಉಸಿರಿನಲ್ಲಿ ಸ್ವರಗಳನ್ನು ಬೆಸೆದು ನುಡಿಸುವುದು. ಇಲ್ಲಿ ಹೆಸರಿಸುವ ಸ್ವರಗಳೆಲ್ಲ ಎಫ್ ಹಾರ್ನಿಗೆ ಬರೆದ ಸ್ವರಗಳು. ಕಿವಿಗೆ ಕೇಳುವ ಶ್ರುತಿ ಅದಕ್ಕಿಂತ ಒಂದು ಪಂಚಮದಷ್ಟು ಕೆಳಗಿರುತ್ತದೆ. ಟ್ರೆಬಲ್ ಕ್ಲೆಫ್‌ನಲ್ಲಿ ಸ್ಟಾಫಿನ ಕೆಳಗಿನ ಸಿ ಯನ್ನು ‘ಮಧ್ಯ ಸಿ’ ಎಂದೂ, ಎರಡನೆಯ ಗೆರೆಯ ಜಿ ಯನ್ನು ‘ನಡು ಜಿ’ ಎಂದೂ, ಮೂರನೆಯ ಸಂದಿನ ಸಿ ಯನ್ನು ‘ಸಂದಿನ ಸಿ’ ಎಂದೂ, ಸ್ಟಾಫಿನ ನೆತ್ತಿಯ ಮೇಲೆ ಕೂರುವ ಜಿ ಯನ್ನು ‘ಮೇಲಿನ ಜಿ’ ಎಂದೂ, ಅದರಾಚೆಯ ಸಿ ಯನ್ನು ‘ಹೈ ಸಿ’ ಎಂದೂ ಕರೆದಿದೆ.

ಮೇಲಿನ ಸ್ವರವನ್ನು ಊದಲು ಹೋದಾಗ ಪಕ್ಕದ ಸ್ವರ ಬಂದುಬಿಡುತ್ತದೆ. ತಪ್ಪು ನನ್ನದೋ, ವಾದ್ಯದ್ದೋ?

ತಪ್ಪಿನ ದೊಡ್ಡ ಪಾಲು ಕೊಳವೆಯ ಉದ್ದದ್ದು. ಎಫ್ ಹಾರ್ನಿನ ಸುರುಳಿಯನ್ನು ಬಿಡಿಸಿ ನೇರ ಮಾಡಿದರೆ ಸುಮಾರು 3.7 ಮೀಟರ್ ಆಗುತ್ತದೆ, ಡಬಲ್ ಹಾರ್ನಿನಲ್ಲಿ (ಎರಡು ಉದ್ದದ ಕೊಳವೆಗಳನ್ನು ಸೇರಿಸಿದ ವಾದ್ಯದಲ್ಲಿ) ಜೊತೆಗಿರುವ ಬಿ-ಫ್ಲ್ಯಾಟ್ ಭಾಗ ಸುಮಾರು 2.75 ಮೀಟರ್. ಟ್ರಂಪೆಟ್ಟಿನ ಕೊಳವೆ ಇದರ ಅರ್ಧದಷ್ಟು, ಅಂದರೆ ಸುಮಾರು 1.4 ಮೀಟರ್ ಮಾತ್ರ. ಒಂದೇ ಉದ್ದದ ಕೊಳವೆಯಲ್ಲಿ ತುಟಿ ಮತ್ತು ಉಸಿರನ್ನು ಬದಲಿಸುವುದರಿಂದಲೇ ಬರುವ ಸ್ವರಗಳ ಸಾಲಿಗೆ ಹಾರ್ಮೋನಿಕ್‌ಗಳು ಎನ್ನುತ್ತಾರೆ. ಉದ್ದನೆಯ ಕೊಳವೆಯಲ್ಲಿ ಹಾರ್ಮೋನಿಕ್‌ಗಳ ಏಣಿ ಕೆಳಗಿನಿಂದ ಶುರುವಾಗುವುದರಿಂದ, ನಾವು ಹಾಡು ನುಡಿಸುವ ಎತ್ತರಕ್ಕೆ ಬರುವಷ್ಟರಲ್ಲಿ ಅದರ ಮೆಟ್ಟಿಲುಗಳು ಒಂದಕ್ಕೊಂದು ಅಂಟಿಕೊಂಡಂತೆ ಹತ್ತಿರವಾಗಿರುತ್ತವೆ. ಎಫ್ ಭಾಗದಲ್ಲಿ ಸಂದಿನ ಸಿ ಎಂಟನೆಯ ಹಾರ್ಮೋನಿಕ್, ಹೈ ಸಿ ಹದಿನಾರನೆಯದು. ಇವೆರಡರ ನಡುವಿನ ಒಂದೇ ಸ್ಥಾಯಿಯಲ್ಲಿ, ಕೊಳವೆಯ ಉದ್ದ ಬದಲಿಸುವ ಒಂದು ವಾಲ್ವನ್ನೂ ಒತ್ತದೆ, ಏಳು ಸ್ವರಗಳು ಕಾದು ಕುಳಿತಿರುತ್ತವೆ. ತುಟಿಯ ಬಿಗಿ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಅವುಗಳಲ್ಲಿ ಯಾವುದು ಬೇಕಾದರೂ ನುಡಿಯಬಹುದು.

ಹೈ ಸಿ ನುಡಿಯುವಾಗ ತುಟಿಗಳು ಸೆಕೆಂಡಿಗೆ ಸುಮಾರು 700 ಸಲ ಕಂಪಿಸುತ್ತವೆ. ಮಧ್ಯ ಸಿ ಗೆ ಸುಮಾರು 175 ಸಲ ಸಾಕು. ಹಾಗಾಗಿ ಗುರಿ ತಪ್ಪುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ವೃತ್ತಿಪರರಿಗೂ ಅದು ತಪ್ಪಿದ್ದಲ್ಲ. ಆದರೆ ಏಣಿಯ ಮೆಟ್ಟಿಲುಗಳನ್ನು ಕಿವಿಯಲ್ಲಿ ಇಟ್ಟುಕೊಳ್ಳದೆ ಊದುವವರಿಗೆ ಅದು ಹೆಚ್ಚಾಗಿ ತಪ್ಪುತ್ತದೆ. ನುಡಿಸಬೇಕಾದ ಸ್ವರವನ್ನು ಮೊದಲು ಹಾಡಿ ನೋಡಬೇಕು. ಸ್ವರಜ್ಞಾನವಿರುವ ಕನ್ನಡಿಗರಿಗೆ ಇದು ಸುಲಭ: ಬರೆದ ಸಿ ಯನ್ನು ಷಡ್ಜವೆಂದು ಹಿಡಿದರೆ ಎಂಟು, ಒಂಬತ್ತು, ಹತ್ತು, ಹನ್ನೆರಡನೆಯ ಹಾರ್ಮೋನಿಕ್‌ಗಳು ಸ, ಚತುಶ್ರುತಿ ರಿ, ಅಂತರ ಗ, ಪ ಆಗುತ್ತವೆ. ಹನ್ನೊಂದನೆಯದು ಮಾತ್ರ ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ನಡುವೆ ಬಿದ್ದು ಎರಡೂ ಆಗದೆ ಉಳಿಯುತ್ತದೆ. ವಾಲ್ವುಗಳಿಲ್ಲದ ಕಾಲದಲ್ಲಿ ವಾದಕರು ಅದನ್ನು ಬಲಗೈಯಿಂದ ತಿದ್ದಿಕೊಳ್ಳುತ್ತಿದ್ದರು.

ಸ್ಲರ್ ನುಡಿಸುವಾಗ ಜಾರಿನಂತೆ ನಡುವಿನ ಶ್ರುತಿಗಳೆಲ್ಲ ಕೇಳಿಸಬೇಕೇ?

ಬೇಡ. ಕರ್ನಾಟಕ ಸಂಗೀತದ ಜಾರಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ಸೊಗಸು. ಹಾರ್ನಿನ ಸ್ಲರ್‌ನಲ್ಲಿ ಎರಡನೆಯ ಸ್ವರವು ನಾಲಿಗೆಯ ಹೊಡೆತವಿಲ್ಲದೆ, ಮೊದಲನೆಯದರ ಉಸಿರಿನಲ್ಲೇ, ಆದರೆ ತನ್ನ ಶ್ರುತಿಯ ಮೇಲೆ ನೇರವಾಗಿ ಬಂದು ನಿಲ್ಲಬೇಕು. ಎರಡರ ನಡುವೆ ಮೌನವೂ ಇರಬಾರದು, ಕೆಸರಿನಲ್ಲಿ ಕಾಲೆಳೆದಂಥ ಮಸುಕೂ ಇರಬಾರದು. ಅಭ್ಯಾಸದ ಮೊದಲ ಹಂತದಲ್ಲಿ ಮಾತ್ರ ಬೇಕೆಂದೇ ಜಾರಿಸಿ ನುಡಿಸುವುದು ಒಳ್ಳೆಯದು. ಅದರ ವಿವರ ಮುಂದೆ ಇದೆ.

ಮೇಲಕ್ಕೆ ಹೋಗುವಾಗ ಬಾಯಿಯೊಳಗೆ ನಿಜವಾಗಿ ಏನಾಗಬೇಕು?

ಮೂರು ಕೆಲಸಗಳು ಒಟ್ಟಿಗೆ ನಡೆಯುತ್ತವೆ: ಉಸಿರಿನ ಒತ್ತಡ ಹೆಚ್ಚುತ್ತದೆ, ತುಟಿಗಳ ನಡುವಿನ ಕಿಂಡಿ ಚಿಕ್ಕದಾಗುತ್ತದೆ, ನಾಲಿಗೆಯ ಬೆನ್ನು ಮೇಲೇಳುತ್ತದೆ. ಇವುಗಳಲ್ಲಿ ಮೊದಲನೆಯದರ ಬಗ್ಗೆಯೇ ತಪ್ಪು ತಿಳಿವಳಿಕೆ ಹೆಚ್ಚು. ಮೇಲಿನ ಸ್ವರಕ್ಕೆ ‘ಹೆಚ್ಚು ಗಾಳಿ’ ಬೇಕೆಂದು ಹೇಳಿಕೊಡುವುದುಂಟು. ಅಷ್ಟೇ ಜೋರಿನಲ್ಲಿ ನುಡಿಸುವುದಾದರೆ ಮೇಲಿನ ಸ್ವರಕ್ಕೆ ಖರ್ಚಾಗುವ ಗಾಳಿ ಕೆಳಗಿನ ಸ್ವರಕ್ಕಿಂತ ಕಡಿಮೆಯೇ. ಹೆಚ್ಚಬೇಕಾದದ್ದು ಅದರ ಹಿಂದಿನ ಒತ್ತಡ. ಆ ಒತ್ತಡ ಹೊಟ್ಟೆ ಮತ್ತು ಪಕ್ಕೆಯ ಸ್ನಾಯುಗಳಿಂದ ಬರಬೇಕೇ ಹೊರತು ಗಂಟಲಿನಿಂದಲ್ಲ. ಗಂಟಲು ಬಿಗಿದರೆ ಸ್ವರ ಬಂದರೂ ಹಿಂಡಿದಂತೆ ತೆಳ್ಳಗೆ ಕೇಳುತ್ತದೆ.

ತುಟಿಯ ವಿಚಾರದಲ್ಲಿ, ಬಾಯಿಯ ಎರಡು ಮೂಲೆಗಳು ಗಟ್ಟಿಯಾಗಿ ನಿಂತು, ನಡುವಿನ ಭಾಗ ಮೌತ್‌ಪೀಸಿನೊಳಗೆ ಮುದುಡಿಕೊಂಡು ಕಿಂಡಿಯನ್ನು ಕಿರಿದು ಮಾಡಬೇಕು. ಬಹುಪಾಲು ಹಾರ್ನ್ ವಾದಕರು ಮೌತ್‌ಪೀಸಿನ ಮೂರರಲ್ಲಿ ಎರಡು ಪಾಲನ್ನು ಮೇಲ್ದುಟಿಯ ಮೇಲೂ ಒಂದು ಪಾಲನ್ನು ಕೆಳದುಟಿಯ ಮೇಲೂ ಇಡುತ್ತಾರೆ. ಹಲ್ಲಿನ ರಚನೆಗೆ ತಕ್ಕಂತೆ ಸ್ವಲ್ಪ ಅತ್ತಿತ್ತ ಇರುವುದು ದೋಷವಲ್ಲ. ಕನ್ನಡಿಯ ಮುಂದೆ ನಿಂತು ನಡು ಜಿ ಯಿಂದ ಸಂದಿನ ಸಿ ಗೆ ನಿಧಾನವಾಗಿ ಸ್ಲರ್ ಮಾಡಿ ನೋಡಿ. ಬಾಯಿಯ ಮೂಲೆಗಳು ಕಿವಿಯ ಕಡೆಗೆ ಸರಿದು ಮುಖ ನಗುವಿನ ಆಕಾರಕ್ಕೆ ಬಂದರೆ, ಗದ್ದದ ಚರ್ಮ ಮೇಲೆದ್ದು ಉಂಡೆಗಟ್ಟಿದರೆ, ಹಾದಿ ತಪ್ಪಿದೆ ಎಂದೇ ಅರ್ಥ. ನಗುವಿನ ಆಕಾರದಲ್ಲಿ ತುಟಿ ಎಳೆದು ತೆಳುವಾಗುತ್ತದೆ. ಹಾಗೆ ಮೇಲಿನ ಜಿ ವರೆಗೆ ಹೇಗೋ ಏರಬಹುದು, ಅಲ್ಲಿಂದಾಚೆಗೆ ಏರಲಾಗುವುದಿಲ್ಲ.

ನಾಲಿಗೆಯ ಚಲನೆ ಬಹಳ ಕಾಲ ಊಹೆಯ ವಿಷಯವಾಗಿತ್ತು. ಹಾರ್ನ್ ವಾದಕರೂ ಪ್ರಾಧ್ಯಾಪಕರೂ ಆದ ಪೀಟರ್ ಇಲ್ಟಿಸ್ ಅವರು ಜರ್ಮನಿಯ ಗ್ಯೋಟಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರೊಡನೆ ಸೇರಿ, ವಾದಕರು ಊದುತ್ತಿರುವಾಗಲೇ ಎಂಆರ್‌ಐ ಯಂತ್ರದಿಂದ ಬಾಯಿಯ ಒಳಭಾಗವನ್ನು ಚಿತ್ರೀಕರಿಸಿದರು. ಬರ್ಲಿನ್ ಫಿಲ್ಹಾರ್ಮೋನಿಕ್‌ನ ಸಾರಾ ವಿಲ್ಲಿಸ್ ಕೂಡ ಆ ಯಂತ್ರದಲ್ಲಿ ಮಲಗಿ ನುಡಿಸಿದ್ದಾರೆ. ಸ್ವರ ಮೇಲೇರಿದಂತೆ ನಾಲಿಗೆ ‘ಆ’ ಎನ್ನುವ ತಗ್ಗಿನಿಂದ ‘ಈ’ ಎನ್ನುವ ಎತ್ತರಕ್ಕೆ ಏರುವುದು ಆ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸ್ಲರ್ ಮಾಡುವಾಗ ಮನಸ್ಸಿನಲ್ಲಿ ‘ಆ–ಈ’ ಎಂದುಕೊಂಡರೆ ತುಟಿಯ ಮೇಲಿನ ಹೊರೆ ಎದ್ದು ಕಾಣುವಷ್ಟು ಇಳಿಯುತ್ತದೆ.

ಮೌತ್‌ಪೀಸನ್ನು ತುಟಿಗೆ ಒತ್ತದೆ ಮೇಲಿನ ಸ್ವರ ಬರುವುದೇ ಇಲ್ಲ. ಒತ್ತಿದರೆ ತಪ್ಪೇನು?

ಒತ್ತಡವೇ ಇಲ್ಲದೆ ಯಾರೂ ನುಡಿಸುವುದಿಲ್ಲ. ಗಾಳಿ ಸೋರದಷ್ಟು ಒತ್ತು ಬೇಕೇ ಬೇಕು, ಮೇಲೇರಿದಂತೆ ಅದು ತುಸು ಹೆಚ್ಚುವುದೂ ಸಹಜ. ತೊಂದರೆ ಬರುವುದು ಸ್ನಾಯು ಮಾಡಬೇಕಾದ ಕೆಲಸವನ್ನು ಕೈಗೆ ವಹಿಸಿದಾಗ. ಲೋಹದ ಅಂಚು ತುಟಿಯನ್ನು ಹಲ್ಲಿಗೆ ಅದುಮಿದರೆ ಅಲ್ಲಿ ರಕ್ತಸಂಚಾರ ತಗ್ಗುತ್ತದೆ, ತುಟಿ ಬಾತುಕೊಳ್ಳುತ್ತದೆ, ಬಾತ ತುಟಿ ಕಂಪಿಸುವುದಿಲ್ಲ, ಕಂಪಿಸದ ತುಟಿಯನ್ನು ಇನ್ನೂ ಒತ್ತಬೇಕಾಗುತ್ತದೆ. ಸ್ಲರ್‌ನಲ್ಲಂತೂ ಇದು ತಕ್ಷಣ ಬಯಲಾಗುತ್ತದೆ, ಏಕೆಂದರೆ ಅದುಮಿ ಹಿಡಿದ ತುಟಿ ಒಂದು ಹಾರ್ಮೋನಿಕ್‌ನಿಂದ ಇನ್ನೊಂದಕ್ಕೆ ಸರಿಯಲಾರದೆ ಅಲ್ಲೇ ಸಿಕ್ಕಿಕೊಂಡು, ಕೊನೆಗೆ ‘ಠಕ್’ ಎಂದು ಜಿಗಿಯುತ್ತದೆ.

ಅಪರಾಧಿ ಹೆಚ್ಚಾಗಿ ಎಡಗೈಯ ಕಿರುಬೆರಳು. ಅದು ಕೊಂಡಿಯಲ್ಲಿ ಸಿಕ್ಕಿಕೊಂಡು, ನಮಗೆ ಗೊತ್ತಿಲ್ಲದೆಯೇ ವಾದ್ಯವನ್ನು ಮುಖದ ಕಡೆ ಎಳೆಯುತ್ತಿರುತ್ತದೆ. ಅಭ್ಯಾಸದ ವೇಳೆ ಕಿರುಬೆರಳನ್ನು ಕೊಂಡಿಯಿಂದ ಹೊರಗೆ ತೆಗೆದು, ಬೆಲ್ ಅನ್ನು (ವಾದ್ಯದ ಅಗಲವಾದ ಬಾಯಿಯನ್ನು) ತೊಡೆಯ ಮೇಲೂರಿ, ಅದೇ ಸ್ಲರ್ ಅನ್ನು ಮತ್ತೆ ನುಡಿಸಿ. ಮೊದಲು ಬರುತ್ತಿದ್ದ ಸ್ವರಗಳಲ್ಲಿ ಮೇಲಿನ ಒಂದೆರಡು ಮಾಯವಾದರೆ, ಅವನ್ನು ಇಷ್ಟು ದಿನ ನುಡಿಸುತ್ತಿದ್ದದ್ದು ತುಟಿಯಲ್ಲ, ತೋಳು. ಎಷ್ಟು ಎತ್ತರದವರೆಗೆ ಬೆರಳಿಲ್ಲದೆ ಹೋಗಬಲ್ಲಿರೋ ಅದೇ ಸದ್ಯಕ್ಕೆ ನಿಮ್ಮ ನಿಜವಾದ ಎತ್ತರ.

ಯಾವ ಅಭ್ಯಾಸದಿಂದ ಶುರು ಮಾಡಬೇಕು?

ಎಫ್ ಭಾಗದಲ್ಲಿ, ವಾಲ್ವ್ ಒತ್ತದೆ, ಮಧ್ಯ ಸಿ–ಇ–ನಡು ಜಿ–ಇ–ಮಧ್ಯ ಸಿ. ಇವು ನಾಲ್ಕು, ಐದು, ಆರನೆಯ ಹಾರ್ಮೋನಿಕ್‌ಗಳು. ಒಂದೇ ಉಸಿರು, ಒಂದೇ ಜೋರು, ಮೊದಲ ಸ್ವರಕ್ಕೆ ಮಾತ್ರ ನಾಲಿಗೆ. ಇದನ್ನು ಎರಡನೆಯ ವಾಲ್ವ್, ಒಂದನೆಯದು, 1-2, 2-3, 1-3, 1-2-3 ಎಂಬ ಕ್ರಮದಲ್ಲಿ ಅರ್ಧ ಸ್ವರದಂತೆ ಕೆಳಗಿಳಿಸುತ್ತ ಹೋಗಬೇಕು. ಡಬಲ್ ಹಾರ್ನ್ ಇರುವವರು ಬಿ-ಫ್ಲ್ಯಾಟ್ ಭಾಗದ ಆಸರೆಯಿಲ್ಲದೆ ಎಫ್ ಭಾಗದಲ್ಲೇ ಇದನ್ನು ಮಾಡಬೇಕೆನ್ನುವುದಕ್ಕೆ ಕಾರಣವಿದೆ: ಉದ್ದ ಕೊಳವೆ ತಪ್ಪನ್ನು ಮುಚ್ಚಿಡುವುದಿಲ್ಲ.

ಇದು ನಿರಾಯಾಸವಾದ ಮೇಲೆ ಆರಂಭಸ್ವರವನ್ನು ಮೇಲಕ್ಕೆ ಸರಿಸಿ: ಜಿ–ಸಂದಿನ ಸಿ–ಜಿ, ಆಮೇಲೆ ಸಂದಿನ ಸಿ–ಇ–ಮೇಲಿನ ಜಿ. ಈ ಹಂತದಲ್ಲಿ ನುಣುಪು ಬರದಿದ್ದರೆ ಮೇಲೆ ಹೇಳಿದ ‘ಜಾರಿಸುವ’ ಅಭ್ಯಾಸವನ್ನು ಹಿಡಿಯಿರಿ. ನಡು ಜಿ ಯನ್ನು ಊದಿ, ವಾಲ್ವ್ ಮುಟ್ಟದೆ, ಉಸಿರಿನ ಒತ್ತಡವನ್ನೂ ನಾಲಿಗೆಯನ್ನೂ ಮೆಲ್ಲಗೆ ಏರಿಸುತ್ತ ಮೇಲಿನ ಜಿ ವರೆಗೆ ಜಾರಿ. ಆರನೆಯ ಹಾರ್ಮೋನಿಕ್‌ನಿಂದ ಹನ್ನೆರಡನೆಯದಕ್ಕೆ ಹೋಗುವಾಗ ನಡುವೆ ಐದು ಮೆಟ್ಟಿಲುಗಳು ಬರುತ್ತವೆ: ಕೊಂಚ ತಗ್ಗಿದ ಬಿ-ಫ್ಲ್ಯಾಟ್, ಸಿ, ಡಿ, ಇ, ಕೊನೆಗೆ ಎಫ್‌ಗೂ ಎಫ್-ಶಾರ್ಪ್‌ಗೂ ನಡುವಿನ ಆ ಎರಡೂ ಅಲ್ಲದ ಸ್ವರ. ಐದೂ ಸಮನಾಗಿ ಕೇಳಿಸುವಂತೆ ನುಡಿಸಿ. ಯಾವ ಮೆಟ್ಟಿಲು ಹಾರಿಹೋಗುತ್ತದೋ ಅಲ್ಲಿ ತುಟಿ ಬಿಗಿದುಕೊಳ್ಳುತ್ತಿದೆ ಎಂದು ತಿಳಿಯಬೇಕು. ಹಲವರಲ್ಲಿ ಅದು ಡಿ ಮತ್ತು ಇ ಗಳ ಆಸುಪಾಸು. ಆ ಜಾಗವನ್ನು ಗುರುತಿಸಿಕೊಂಡು, ಆ ಎರಡೇ ಸ್ವರಗಳ ನಡುವೆ ನಿಧಾನವಾಗಿ ಹೋಗಿಬರುವುದು ಎತ್ತರದ ಸ್ವರಗಳನ್ನು ಗಂಟೆಗಟ್ಟಲೆ ಕಿರುಚಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಸ್ಲರ್ ಒಂದು ವಿದ್ಯೆ, ಎತ್ತರದ ಸ್ವರ ಇನ್ನೊಂದು ವಿದ್ಯೆ ಎಂದು ಎರಡನ್ನೂ ಬೇರೆಬೇರೆಯಾಗಿ ಅಭ್ಯಾಸ ಮಾಡುವುದು ವ್ಯರ್ಥ ಶ್ರಮ. ಕೆಳಗಿನ ಸ್ವರದಿಂದ ಉಸಿರು ಕಡಿಯದೆ ತಲುಪಿದ ಎತ್ತರ ಮಾತ್ರ ಕಛೇರಿಯಲ್ಲಿ ನಂಬಿಕೆಗೆ ಅರ್ಹ.

ಮೇಲಕ್ಕೆ ಸರಿಯಾಗಿ ಹೋಗುತ್ತೇನೆ, ಇಳಿಯುವಾಗ ಸ್ವರ ಮುರಿಯುತ್ತದೆ. ಏಕೆ?

ಇಳಿಯುವುದು ಸುಲಭವೆಂದುಕೊಂಡು ಉಸಿರನ್ನು ಸಡಿಲ ಬಿಡುವುದರಿಂದ. ಕೆಳಗಿನ ಸ್ವರಕ್ಕೆ ಒತ್ತಡ ಕಡಿಮೆ ಸಾಕಾದರೂ ಗಾಳಿಯ ಪ್ರಮಾಣ ಹೆಚ್ಚು ಬೇಕು. ಕಿಂಡಿ ತೆರೆಯುವ ಆ ಕ್ಷಣದಲ್ಲಿ ಗಾಳಿ ನಿಂತರೆ ತುಟಿ ಕಂಪಿಸಲು ಆಧಾರವೇ ಇರುವುದಿಲ್ಲ. ಇಳಿಯುವ ಸ್ಲರ್‌ನಲ್ಲಿ ಎರಡನೆಯ ಸ್ವರದ ಕಡೆಗೆ ಸಣ್ಣ ಕ್ರೆಶೆಂಡೋ (ನಾದ ಕ್ರಮೇಣ ಜೋರಾಗುವುದು) ಇದೆ ಎಂದು ಭಾವಿಸಿ ನುಡಿಸಿದರೆ, ಕೇಳುವವರಿಗೆ ಅದು ಸಮವಾಗಿ ಕೇಳುತ್ತದೆ. ದವಡೆಯನ್ನು ಒಮ್ಮೆಲೇ ಕೆಳಗೆ ಬೀಳಿಸದಿರುವುದೂ ಮುಖ್ಯ.

ವಾಲ್ವ್ ಬಳಸುವ ಸ್ಲರ್‌ಗಳಲ್ಲಿ ಕೆಲವು ನುಣುಪಾಗಿ, ಕೆಲವು ಒರಟಾಗಿ ಬರುತ್ತವೆ. ಬೆರಳಿನ ದೋಷವೇ?

ಒಂದು ಪಾಲು ಬೆರಳಿನದೇ. ಹಾಡು ಎಷ್ಟೇ ನಿಧಾನವಾಗಿದ್ದರೂ ವಾಲ್ವ್ ತಿರುಗುವುದು ಚುರುಕಾಗಿರಬೇಕು. ಅರ್ಧ ತಿರುಗಿದ ರೋಟರಿ ವಾಲ್ವ್ ಕೊಳವೆಯನ್ನು ಅರ್ಧ ಮುಚ್ಚಿರುತ್ತದೆ, ಆ ಹೊತ್ತಿನಲ್ಲಿ ಸ್ವರ ಉಸಿರುಗಟ್ಟುತ್ತದೆ. ನಿಧಾನಗತಿಯ ಕೃತಿಗಳಲ್ಲಿ ಕೈ ಕೂಡ ನಿಧಾನವಾಗಿಬಿಡುವುದು ತೀರಾ ಸಾಮಾನ್ಯ.

ಇನ್ನೊಂದು ಪಾಲು ಹಾರ್ಮೋನಿಕ್‌ಗಳ ಲೆಕ್ಕಾಚಾರದ್ದು, ಇದನ್ನು ಅರಿತವರು ಕಡಿಮೆ. ಬಿ-ಫ್ಲ್ಯಾಟ್ ಭಾಗದಲ್ಲಿ ಸ್ಟಾಫಿನ ಮೇಲ್ಭಾಗದ ಡಿ, ಇ, ಎಫ್ ಗಳನ್ನು ಕ್ರಮವಾಗಿ 1-2, 2, ಖಾಲಿ (ವಾಲ್ವ್ ಒತ್ತದೆ) ಎಂದು ನುಡಿಸುತ್ತೇವೆ. ಮೂರೂ ತಮ್ಮ ತಮ್ಮ ಕೊಳವೆಯ ಎಂಟನೆಯ ಹಾರ್ಮೋನಿಕ್‌ಗಳೇ. ಕೊಳವೆ ಗಿಡ್ಡವಾಗುತ್ತ ಹೋಗುತ್ತದೆ, ತುಟಿ ಯಾವ ಮೆಟ್ಟಿಲನ್ನೂ ದಾಟಬೇಕಾಗಿಲ್ಲ. ಆದ್ದರಿಂದ ಸ್ಲರ್ ಬೆಣ್ಣೆಯಂತೆ ಬರುತ್ತದೆ. ಅಲ್ಲಿಂದ ಸ್ವಲ್ಪ ಮೇಲೆ, ಮೇಲಿನ ಜಿ ಖಾಲಿ ಕೊಳವೆಯ ಒಂಬತ್ತನೆಯ ಹಾರ್ಮೋನಿಕ್. ಅದರ ಪಕ್ಕದ ಎ ಯನ್ನು ರೂಢಿಯಂತೆ 1-2 ರಲ್ಲಿ ನುಡಿಸಿದರೆ ಅದು ಆ ಕೊಳವೆಯ ಹನ್ನೆರಡನೆಯದು. ಕಾಗದದ ಮೇಲೆ ಒಂದೇ ಹೆಜ್ಜೆ, ವಾದ್ಯದೊಳಗೆ ಮೂರು ಮೆಟ್ಟಿಲುಗಳ ನೆಗೆತ! ಸ್ಲರ್ ಒಡೆಯುವುದಕ್ಕೆ ಇದಕ್ಕಿಂತ ಕಾರಣ ಬೇಕೇ?

ಇಂಥ ಕಡೆ ಎ ಯನ್ನು ವಾಲ್ವ್ ಇಲ್ಲದೆ ಖಾಲಿಯಾಗಿಯೇ, ಹತ್ತನೆಯ ಹಾರ್ಮೋನಿಕ್ ಆಗಿ ನುಡಿಸಿ ನೋಡಬಹುದು. ಆಗ ಒಂಬತ್ತರಿಂದ ಹತ್ತಕ್ಕೆ ಒಂದೇ ಮೆಟ್ಟಿಲು. ಆದರೆ ಅದು ಸಮಶ್ರುತಿಗಿಂತ ಸುಮಾರು 14 ಸೆಂಟ್‌ಗಳಷ್ಟು ತಗ್ಗಿರುತ್ತದೆ (ಅರ್ಧ ಸ್ವರಕ್ಕೆ 100 ಸೆಂಟ್); ಬಲಗೈಯನ್ನು ಬೆಲ್‌ನಲ್ಲಿ ಕೂದಲಷ್ಟು ತೆರೆದು ಅದನ್ನು ಮೇಲೆತ್ತಬೇಕು. ಜಿ-ಶಾರ್ಪ್‌ಗೂ ಎರಡನೆಯ ವಾಲ್ವಿನೊಂದಿಗೆ ಇದೇ ಉಪಾಯ ನಡೆಯುತ್ತದೆ. ವೇಗದ ಹಾದುಹೋಗುವ ಸ್ವರಗಳಿಗೆ ಇದು ಹೇಳಿ ಮಾಡಿಸಿದ್ದು, ಎ ಯ ಮೇಲೆ ದೀರ್ಘವಾಗಿ ನಿಲ್ಲಬೇಕಾದಲ್ಲಿ ಬೇಡ.

ವಿಯೆನ್ನಾ ಹಾರ್ನಿನಲ್ಲಿ ಸ್ಲರ್‌ಗಳು ಹೆಚ್ಚು ನುಣುಪು ಎನ್ನುವುದು ನಿಜವೇ?

ನಿಜ. ವಿಯೆನ್ನಾ ಫಿಲ್ಹಾರ್ಮೋನಿಕ್‌ನವರು ಇಂದಿಗೂ ನುಡಿಸುವ ಆ ಎಫ್ ಹಾರ್ನಿನಲ್ಲಿ ರೋಟರಿ ವಾಲ್ವ್‌ಗಳಿಲ್ಲ. 1830ರಲ್ಲಿ ಲಿಯೋಪೋಲ್ಡ್ ಉಲ್‌ಮನ್ ಪೇಟೆಂಟ್ ಪಡೆದ ಮಾದರಿಯ ಜೋಡಿ ಪಿಸ್ಟನ್‌ಗಳಿವೆ. ಅವುಗಳ ರಚನೆಯಿಂದಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಆಗುವ ಬದಲಾವಣೆ ಥಟ್ಟನೆ ಆಗದೆ ಕರಗಿದಂತೆ ಕೇಳುತ್ತದೆ. ಅದಕ್ಕೆ ತೆರಬೇಕಾದ ಬೆಲೆ, ಬಿ-ಫ್ಲ್ಯಾಟ್ ಭಾಗದ ಭದ್ರತೆಯಿಲ್ಲದೆ ಮೇಲಿನ ಸ್ವರಗಳನ್ನು ಉದ್ದ ಕೊಳವೆಯಲ್ಲೇ ಹುಡುಕುವುದು. ಹೊರಗಿನವರು ಅಂಥ ವಾದ್ಯವನ್ನು ಕೊಳ್ಳಲು ಓಡಬೇಕಾಗಿಲ್ಲ.

ಮೌತ್‌ಪೀಸ್ ಬದಲಿಸಿದರೆ, ಅಥವಾ ಡೆಸ್ಕಾಂಟ್ ಹಾರ್ನ್ (ಗಿಡ್ಡ ಕೊಳವೆಯ, ಎತ್ತರದ ಶ್ರುತಿಯ ಹಾರ್ನ್) ಕೊಂಡರೆ ಎತ್ತರ ಹೆಚ್ಚುತ್ತದೆಯೇ?

ಹೆಚ್ಚುವುದು ಎತ್ತರವಲ್ಲ, ನಿಖರತೆ. ಹೈ ಸಿ ಎಫ್ ಭಾಗದಲ್ಲಿ ಹದಿನಾರನೆಯ ಹಾರ್ಮೋನಿಕ್, ಕೆಳಗಿನ ನೆರೆಯ ಸ್ವರ ಅರ್ಧ ಸ್ವರದಷ್ಟೇ ದೂರ. ಬಿ-ಫ್ಲ್ಯಾಟ್ ಭಾಗದಲ್ಲಿ ಅದೇ ಸ್ವರ ಹನ್ನೆರಡನೆಯದು, ನೆರೆ ಸುಮಾರು ಮುಕ್ಕಾಲು ಸ್ವರ ದೂರ. ಎತ್ತರದ ಎಫ್ ಶ್ರುತಿಯ ಡೆಸ್ಕಾಂಟ್‌ನಲ್ಲಿ ಅದು ಎಂಟನೆಯದು, ನೆರೆ ಒಂದು ಸ್ವರಕ್ಕಿಂತಲೂ ಹೆಚ್ಚು ದೂರ. ಗುರಿ ದೊಡ್ಡದಾಗುತ್ತದೆ, ಆದರೆ ಸೆಕೆಂಡಿಗೆ 700 ಸಲ ಕಂಪಿಸುವ ಕೆಲಸ ತುಟಿಯದೇ ಆಗಿ ಉಳಿಯುತ್ತದೆ. ಬಾಖ್‌ನ ಮೊದಲ ಬ್ರಾಂಡೆನ್‌ಬರ್ಗ್ ಕಾನ್ಸರ್ಟೋದಂಥ ಕೃತಿಗಳನ್ನು ಮತ್ತೆ ಮತ್ತೆ ನುಡಿಸಬೇಕಾದ ವೃತ್ತಿಪರರಿಗೆ ಡೆಸ್ಕಾಂಟ್ ಸಾರ್ಥಕ. ಕಲಿಯುವವರಿಗೆ ಅದು ದುಬಾರಿಯಾದ ಸಮಾಧಾನ. ಮೌತ್‌ಪೀಸಿನ ವಿಷಯವೂ ಅಷ್ಟೇ: ಆಳ ಕಡಿಮೆಯಾದದ್ದನ್ನು ಹಾಕಿಕೊಂಡರೆ ಮೇಲಿನ ಸ್ವರ ತುಸು ಹಗುರವೆನಿಸಬಹುದು, ಕೆಳಗಿನ ಸ್ಥಾಯಿಯ ಮೈತುಂಬಿದ ನಾದ ಮಾತ್ರ ಖಂಡಿತ ಸೊರಗುತ್ತದೆ. ನಮ್ಮಲ್ಲಿ ಬ್ಯಾಂಡಿನ ದಾಸ್ತಾನಿನಿಂದ ಬಂದ ಹಳೆಯ ವಾದ್ಯಗಳನ್ನು ನುಡಿಸುವವರು ಹೊಸ ಮೌತ್‌ಪೀಸಿಗಿಂತ ಮೊದಲು ವಾಲ್ವ್‌ಗಳಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೋಡಿಸುವುದು ಒಳಿತು. ಸೋರುವ ಹಾರ್ನಿನಲ್ಲಿ ಯಾವ ಅಭ್ಯಾಸವೂ ಹತ್ತುವುದಿಲ್ಲ.

ಬಲಗೈಗೂ ಮೇಲಿನ ಸ್ವರಕ್ಕೂ ಸಂಬಂಧವಿದೆಯೇ?

ಇದೆ. ಬೆಲ್‌ನೊಳಗೆ ಕೈ ಇಲ್ಲದಿದ್ದರೆ ಎತ್ತರದ ಕಂಪನಗಳು ನೇರವಾಗಿ ಹೊರಗೆ ಹೋಗಿಬಿಡುತ್ತವೆ, ತುಟಿಗೆ ಆಸರೆಯಾಗಿ ಕೊಳವೆಯೊಳಗೆ ಹಿಂದಿರುಗಬೇಕಾದ ಅಲೆ ಬಲಗುಂದುತ್ತದೆ. ಕೈಯನ್ನು ಹೊರಗೆ ತೆಗೆದು ಹೈ ಸಿ ನುಡಿಸಲು ಯತ್ನಿಸಿದರೆ ಇದು ಕೂಡಲೇ ಅರಿವಿಗೆ ಬರುತ್ತದೆ: ಸ್ವರ ನಿಲ್ಲುವುದಿಲ್ಲ, ಅತ್ತಿತ್ತ ಓಲಾಡುತ್ತದೆ. ಬೆರಳುಗಳನ್ನು ಸೇರಿಸಿ, ಅಂಗೈಯನ್ನು ಕೊಂಚ ಬಟ್ಟಲಿನಂತೆ ಬಾಗಿಸಿ, ಬೆರಳುಗಳ ಹಿಂಬದಿ ಬೆಲ್‌ನ ಒಳಗೋಡೆಗೆ ತಾಗುವಂತೆ ಇಡುವುದು ವಾಡಿಕೆ.

ಮೇಲಿನ ಸ್ವರಗಳನ್ನು ಜೋರಾಗಿ ನುಡಿಸಬಲ್ಲೆ, ಮೆಲ್ಲಗೆ ಬರುವುದಿಲ್ಲ.

ಜೋರಾಗಿ ನುಡಿಸುವಾಗ ಕಿಂಡಿ ಅಗಲವಾಗಿದ್ದರೂ ಗಾಳಿಯ ರಭಸ ಅದನ್ನು ನಿಭಾಯಿಸುತ್ತದೆ. ಮೆಲ್ಲಗೆ ನುಡಿಸಲು ಕಿಂಡಿಯೇ ಚಿಕ್ಕದಾಗಬೇಕು. ಮೇಲಿನ ಜಿ ಯನ್ನು ಮಧ್ಯಮ ಜೋರಿನಲ್ಲಿ ಹಿಡಿದು, ಹೊಟ್ಟೆಯ ಒತ್ತಾಸೆಯನ್ನು ಬಿಡದೆ, ಸ್ವರ ಆರಿಹೋಗುವವರೆಗೆ ಸಣ್ಣದು ಮಾಡುತ್ತ ಹೋಗುವುದು ಇದಕ್ಕೆ ಮದ್ದು. ಆರಿಹೋಗುವ ಮುನ್ನ ಶ್ರುತಿ ತಪ್ಪಿದರೆ ಒತ್ತಾಸೆ ಸಡಿಲವಾಗಿದೆ.

ದಿನಕ್ಕೆ ಎಷ್ಟು ಹೊತ್ತು ಎತ್ತರದ ಸ್ವರಗಳನ್ನು ಅಭ್ಯಾಸ ಮಾಡಬೇಕು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ನುಡಿಸಿದಷ್ಟೇ ಹೊತ್ತು ವಾದ್ಯವನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂರುವುದು ಒಳ್ಳೆಯ ನಿಯಮ. ಆ ಬಿಡುವಿನಲ್ಲಿ ಮುಂದಿನ ಸಾಲನ್ನು ಹಾಡಿಕೊಳ್ಳಬಹುದು. ಮೇಲಿನ ಜಿ ಗಿಂತ ಎತ್ತರದ ಕೆಲಸವನ್ನು ಅಭ್ಯಾಸದ ನಡುವೆ, ತುಟಿ ಬಿಸಿಯಾಗಿದ್ದರೂ ದಣಿಯದಿರುವಾಗ ಇಟ್ಟುಕೊಂಡು, ಕೊನೆಯಲ್ಲಿ ಮಂದ್ರದ ದೀರ್ಘ ಸ್ವರಗಳಿಂದ ಸಡಿಲಿಸಬೇಕು. ಶ್ರುತಿ ತಗ್ಗತೊಡಗಿದರೆ, ನಾದದಲ್ಲಿ ಗಾಳಿಯ ಸದ್ದು ಬೆರೆತರೆ ಅಲ್ಲಿಗೆ ನಿಲ್ಲಿಸಿ. ದಣಿವು ರಾತ್ರಿ ಕಳೆಯುವಷ್ಟರಲ್ಲಿ ಇಳಿಯುತ್ತದೆ. ತುಟಿಯ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವು ದಿನಗಟ್ಟಲೆ ಉಳಿದರೆ ಅದು ದಣಿವಲ್ಲ. ನುಡಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಯಾರನ್ನು, ಯಾವುದನ್ನು ಕೇಳಬೇಕು?

ನುಣುಪಿಗಾಗಿ ಚೈಕೋವ್‌ಸ್ಕಿಯ ಐದನೆಯ ಸಿಂಫನಿಯ ಎರಡನೆಯ ಭಾಗದ ಸೋಲೋ. ಎತ್ತರಕ್ಕಾಗಿ ಶೂಮನ್ 1849ರಲ್ಲಿ ನಾಲ್ಕು ಹಾರ್ನ್‌ಗಳಿಗೆ ಬರೆದ ಕೊನ್‌ತ್ಸೆರ್ಟ್‌ಶ್ಟುಕ್. ಅದರಲ್ಲಿ ಮೊದಲ ಹಾರ್ನ್ ಹೈ ಸಿ ಯನ್ನೂ ದಾಟಿ ಮೇಲಿನ ಇ ಮುಟ್ಟುತ್ತದೆ.

ವಾದಕರಲ್ಲಿ ಇಂಗ್ಲೆಂಡಿನ ಡೆನ್ನಿಸ್ ಬ್ರೈನ್ (1921–1957) ಅವರನ್ನು ಬಿಡುವಂತಿಲ್ಲ. ವಾದ್ಯವೃಂದದ ನಿರ್ದೇಶಕ ಕಾರಾಯನ್ ಅವರೊಡನೆ 1953ರಲ್ಲಿ ಮುದ್ರಿಸಿದ ಮೊಜಾರ್ಟ್ ಕಾನ್ಸರ್ಟೋಗಳಲ್ಲಿ ಅವರ ಸ್ಲರ್‌ಗಳನ್ನು ಗಮನಿಸಿದರೆ, ಎತ್ತರದ ಸ್ವರಕ್ಕೆ ಏರುವಾಗ ನಾದದ ಬಣ್ಣ ಬದಲಾಗದಿರುವುದು ಎದ್ದು ಕೇಳುತ್ತದೆ. ಅವರು ಮುಖ್ಯ ಹಾರ್ನ್ ವಾದಕರಾಗಿದ್ದ ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ಆಶ್ರಯ ಕೊಟ್ಟವರಲ್ಲಿ ಮೈಸೂರಿನ ಜಯಚಾಮರಾಜ ಒಡೆಯರ್ ಒಬ್ಬರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಮಹಾರಾಜರ ಹಣದ ಬೆಂಬಲದಿಂದ. ಅವುಗಳಲ್ಲಿ ‘ಸೆಪ್ಟೆಂಬರ್’ ಗೀತೆ ಮುಗಿಯುವುದು ಹಾರ್ನಿನ ಏಕಾಂಗಿ ಸೊಲ್ಲಿನೊಂದಿಗೆ. ಸ್ಟ್ರಾಸ್‌ನ ತಂದೆ ಫ್ರಾನ್ಜ್ ಮ್ಯೂನಿಕ್‌ನ ಆಸ್ಥಾನದಲ್ಲಿ ಹಾರ್ನ್ ವಾದಕರಾಗಿದ್ದವರು. ತುಟಿಗೆ ಏನು ಒಗ್ಗುತ್ತದೆಂಬುದು ಮಗನಿಗೆ ಮನೆಯಲ್ಲೇ ತಿಳಿದಿತ್ತು.

ನಾನು ವೃಂದದಲ್ಲಿ ಎರಡನೆಯ ಹಾರ್ನ್ ನುಡಿಸುವವನು. ನನಗೆ ಇಷ್ಟೆಲ್ಲ ಎತ್ತರ ಬೇಕೇ?

ಸಂಪ್ರದಾಯದಂತೆ ಒಂದನೆಯವರೂ ಮೂರನೆಯವರೂ ಮೇಲಿನ ಸ್ಥಾಯಿಯನ್ನೂ, ಎರಡನೆಯವರೂ ನಾಲ್ಕನೆಯವರೂ ಕೆಳಗಿನದನ್ನೂ ನೋಡಿಕೊಳ್ಳುತ್ತಾರೆ. ಆದರೂ ಮೇಲಿನ ಜಿ ಮತ್ತು ಎ ವರೆಗೆ ಎಲ್ಲರಿಗೂ ಕೆಲಸ ಬೀಳುತ್ತದೆ. ಎರಡನೆಯ ಹಾರ್ನಿನವರಿಗೆ ಹೆಚ್ಚಾಗಿ ಎದುರಾಗುವುದು ದೂರದ ನೆಗೆತಗಳ ಸ್ಲರ್, ಅದರಲ್ಲೂ ಒಂದು ಸ್ಥಾಯಿಗಿಂತ ಹೆಚ್ಚು ಕೆಳಗಿಳಿಯುವಂಥವು. ಹೈ ಸಿ ಯ ಚಿಂತೆ ಬಿಟ್ಟು, ಸಂದಿನ ಸಿ ಯಿಂದ ಮಧ್ಯ ಸಿ ಗೂ ಅಲ್ಲಿಂದ ಅದರ ಕೆಳಗಿನ ಜಿ ಗೂ ಉಸಿರು ಕಡಿಯದೆ ಇಳಿಯುವುದನ್ನು ಮೊದಲು ಸಾಧಿಸಿಕೊಳ್ಳಿ.